ಹಾಜರಿ ಪುಸ್ತಕವೂ ಗಣಕಯಂತ್ರವೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಪತ್ರ ಬರೆದಾಗ ನಾನು ಸಹಜವಾಗಿಯೇ ಹಿಂಜರಿದೆ. ಶರಣರ ಜೀವನವನ್ನು ಕುರಿತೋ ಶಿಕ್ಷಣದ ಧ್ಯೇಯವನ್ನು ಕುರಿತೋ ಅಧಿಕಾರವಾಣಿಯಿಂದ ಬರೆಯಬಲ್ಲ ವಿದ್ವಾಂಸರು ಈ ಸಂಸ್ಥೆಯಲ್ಲಿ ಬಹುಮಂದಿ ಇದ್ದಾರೆ. ನಾನಾದರೋ ಮೂವತ್ತು ವರ್ಷಗಳಿಗೂ ಮಿಕ್ಕಿ ಗಣಕಯಂತ್ರದ ಮುಂದೆ ಕುಳಿತು, ಪರರ ಲೆಕ್ಕಪತ್ರಗಳನ್ನು ಅದರಲ್ಲಿ ಒಪ್ಪವಾಗಿ ಜೋಡಿಸಿಡುವ ಕಾಯಕದಲ್ಲಿ ಕಾಲ ಕಳೆದವನು. ಆದರೂ ಈ ಕಾಯಕದ ಅತಿ ಮುಖ್ಯವಾದ ಪಾಠವನ್ನು ನಾನು ಕಲಿತದ್ದು ನಮ್ಮ ಶ್ರೀಮಠದ ಶಾಲೆಗಳ ಹಾಜರಿ ಲೆಕ್ಕದಿಂದ. ಕಲಿಯುವ ಹಾದಿಯಲ್ಲಿ ನಾನು ಮಾಡಿದ ತಪ್ಪಿನಿಂದ ನಾಲ್ವರು ಬಾಲಕರ ಒಂದು ವರ್ಷವೇ ಹಾಳಾಗುವುದರಲ್ಲಿತ್ತು. ಆ ಸಂಗತಿಯನ್ನು ಮರೆಮಾಚದೆ ನಿವೇದಿಸಿದರೆ ಮುಂದೆ ಇದೇ ವೃತ್ತಿಗೆ ಬರಲಿರುವ ನಮ್ಮ ವಿದ್ಯಾರ್ಥಿಗಳಿಗೆ ಕಿಂಚಿತ್ತಾದರೂ ಪ್ರಯೋಜನವಾದೀತೆಂಬ ನಂಬಿಕೆಯಿಂದ ಲೇಖನಿ ಹಿಡಿದಿದ್ದೇನೆ.

ನಾನು ಈ ಶಾಲೆಯಲ್ಲಿ ಓದಿದ್ದು 1972ರಿಂದ 1975ರವರೆಗೆ. ವಾಸವೂ ಊಟವೂ ಶ್ರೀಮಠದ ಪ್ರಸಾದ ನಿಲಯದಲ್ಲಿ. ಸರದಿಯ ಪ್ರಕಾರ ನಾವು ಹುಡುಗರೇ ದಾಸೋಹದ ಪಂಕ್ತಿಯಲ್ಲಿ ಬಡಿಸುತ್ತಿದ್ದೆವು. ಬಿಡುವಿದ್ದಾಗ ಶಾಲೆಯ ಕಚೇರಿಯಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತಿದ್ದೆವು. ಆ ಕಚೇರಿಯಲ್ಲಿ ವಯೋವೃದ್ಧರಾದ ಗುಮಾಸ್ತರೊಬ್ಬರಿದ್ದರು. ಅವರನ್ನು ನಾವೆಲ್ಲ ಅಯ್ಯನವರೆಂದೇ ಕರೆಯುತ್ತಿದ್ದೆವು. ಶಾಲೆಗೆ ಸೇರಿದ ಮಕ್ಕಳ ಹೆಸರುಗಳು ದಾಖಲಾತಿ ರಿಜಿಸ್ಟರಿನಲ್ಲಿ ಸೇರಿದ ಕ್ರಮದಲ್ಲಿಯೇ ಇರುತ್ತಿದ್ದವು. ಅಯ್ಯನವರು ಅದರ ಜೊತೆಗೆ ಇನ್ನೊಂದು ಪುಸ್ತಕವನ್ನು ತಾವಾಗಿಯೇ ಇಟ್ಟಿದ್ದರು. ಅದರ ಹಾಳೆಗಳ ಅಂಚನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಅ, ಆ, ಇ ಎಂದು ಅಕ್ಷರಗಳನ್ನು ಬರೆದಿದ್ದರು. ಪ್ರತಿಯೊಂದು ಅಕ್ಷರದ ಕೆಳಗೆ ಹೆಸರು, ವರ್ಷ, ರಿಜಿಸ್ಟರಿನ ಪುಟಸಂಖ್ಯೆ ಇಷ್ಟೇ. ಎಂದೋ ಓದಿಹೋದವರು ವರ್ಗಾವಣೆ ಪತ್ರದ ನಕಲಿಗಾಗಿ ಬಂದರೆ, ಅವರು ಬೆಂಚಿನ ಮೇಲೆ ಕುಳಿತು ನೀರು ಕುಡಿಯುವಷ್ಟರಲ್ಲಿ ಅಯ್ಯನವರು ಬೇಕಾದ ಪುಟವನ್ನು ತೆರೆದಿಡುತ್ತಿದ್ದರು.

ದಿನವೂ ಸಂಜೆ ಪ್ರಾರ್ಥನೆಯ ತರುವಾಯ ಆ ಎರಡನೆಯ ಪುಸ್ತಕಕ್ಕೆ ಅಂದಿನ ಹೆಸರುಗಳನ್ನು ಏರಿಸುವುದು ಅವರ ನಿಯಮ. “ಒಂದೇ ಹೆಸರನ್ನು ಎರಡು ಕಡೆ ಬರೆಯುವುದು ವ್ಯರ್ಥ ಶ್ರಮವಲ್ಲವೇ ಅಯ್ಯನವರೇ?” ಎಂದು ನಾನೊಮ್ಮೆ ಕೇಳಿದೆ. “ಇವತ್ತು ನನಗೆ ಎರಡು ಕೆಲಸವಾದರೆ ನಾಳೆ ಬರುವವರಿಗೆ ಒಂದು ದಿನ ಉಳಿಯುತ್ತದೆ, ಮಗು” ಎಂದು ಅವರು ತಲೆಯೆತ್ತದೆ ಉತ್ತರಿಸಿದರು. ಆ ಮಾತಿನ ಪೂರ್ಣ ಅರ್ಥವು ನನಗೆ ತಿಳಿಯಲು ನಾಲ್ಕು ದಶಕಗಳೇ ಬೇಕಾದವು.

2006ನೆಯ ಇಸವಿಯಲ್ಲಿ ಶ್ರೀಮಠದ ಆಡಳಿತಕ್ಕೆ ಸೇರಿದ ಹನ್ನೆರಡು ಶಾಲೆಗಳ ಹಾಜರಿಯನ್ನು ಗಣಕಯಂತ್ರಕ್ಕೆ ತರಬೇಕೆಂದು ನಿರ್ಧಾರವಾಯಿತು. ಹಳೆಯ ವಿದ್ಯಾರ್ಥಿಯೆಂಬ ಅಭಿಮಾನದಿಂದ ಆ ಕೆಲಸವನ್ನು ನನಗೇ ಒಪ್ಪಿಸಿದರು. ನಾನು ಅದನ್ನು ಸೇವೆಯೆಂದು ಭಾವಿಸಿ, ಬೆಲೆಯಿಲ್ಲದೆ ದೊರೆಯುವ ‘ಮೈ ಎಸ್.ಕ್ಯೂ.ಎಲ್.’ ಎಂಬ ಡೇಟಾಬೇಸನ್ನು ಬಳಸಿ ವ್ಯವಸ್ಥೆಯೊಂದನ್ನು ಕಟ್ಟಿಕೊಟ್ಟೆ. ಅದರ ಹೃದಯದಂತಿದ್ದುದು ಒಂದು ದೊಡ್ಡ ಕೋಷ್ಟಕ. ಶಾಲೆಯ ಸಂಖ್ಯೆ, ವಿದ್ಯಾರ್ಥಿಯ ಸಂಖ್ಯೆ, ಹಾಜರಿ ಹಾಕಿದ ದಿನಾಂಕ ಮತ್ತು ವೇಳೆ, ಹಾಜರೋ ಗೈರುಹಾಜರೋ ಎಂಬ ಗುರುತು, ಇವಿಷ್ಟೇ ಅದರಲ್ಲಿನ ಅಂಕಣಗಳು. ತಿಂಗಳು ಮುಗಿದೊಡನೆ ಒಂದೊಂದು ಶಾಲೆಯ ಮುಖ್ಯೋಪಾಧ್ಯಾಯರಿಗೂ ಪ್ರತಿ ವಿದ್ಯಾರ್ಥಿಯ ಹಾಜರಿಯ ಮೊತ್ತವನ್ನು ತೋರಿಸುವ ಪಟ್ಟಿಯೊಂದು ಅಚ್ಚಾಗಿ ದೊರೆಯುತ್ತಿತ್ತು.

ಆರಂಭದ ವರ್ಷಗಳಲ್ಲಿ ಎಲ್ಲವೂ ಸುಗಮವಾಗಿಯೇ ನಡೆಯಿತು. ಆದರೆ ಸುಮಾರು ನಾಲ್ಕು ಸಾವಿರ ಮಕ್ಕಳಿಗೆ ದಿನಕ್ಕೆ ಎರಡು ಸಲದಂತೆ, ವರ್ಷಕ್ಕೆ 220 ದಿನ ಹಾಜರಿ ಹಾಕಿದರೆ ಒಂದು ವರ್ಷದಲ್ಲಿ ಹದಿನೇಳೂವರೆ ಲಕ್ಷ ಸಾಲುಗಳಾಗುತ್ತವೆ. 2017ರ ಹೊತ್ತಿಗೆ ಕೋಷ್ಟಕದಲ್ಲಿ ಎರಡು ಕೋಟಿಯಷ್ಟು ಸಾಲುಗಳು ಕೂಡಿದ್ದವು. ಹಿಂದೆ ಕ್ಷಣಾರ್ಧದಲ್ಲಿ ಬರುತ್ತಿದ್ದ ಪಟ್ಟಿಗೆ ಈಗ ಮೂರು ನಿಮಿಷಕ್ಕೂ ಮಿಕ್ಕಿ ಕಾಯಬೇಕಾಯಿತು. ಮೂರು ನಿಮಿಷವೆಂಬುದು ಅಲ್ಪವೆಂದು ತೋರಬಹುದು. ಆದರೆ ಹತ್ತನೆಯ ತರಗತಿಯ ವಾರ್ಷಿಕ ಪರೀಕ್ಷೆಗೆ ಮುನ್ನ ಜೂನ್ ತಿಂಗಳಿಂದ ಜನವರಿಯವರೆಗಿನ ಎಂಟು ತಿಂಗಳ ಪಟ್ಟಿಗಳು ಹನ್ನೆರಡು ಶಾಲೆಗಳಿಗೂ ಬೇಕು. ಒಟ್ಟು 96 ಪಟ್ಟಿಗಳಿಗೆ ಐದು ಗಂಟೆಯ ಕಾಲ. ನಡುವೆ ವಿದ್ಯುತ್ತು ಹೋಯಿತೆಂದರೆ ಮತ್ತೆ ಮೊದಲಿನಿಂದ ಆರಂಭ. ಪಾಠ ಹೇಳಬೇಕಾದ ಉಪಾಧ್ಯಾಯರು ಕಚೇರಿಯ ಜಗಲಿಯಲ್ಲಿ ಕೈಕಟ್ಟಿ ನಿಲ್ಲುವಂತಾಯಿತು.

ನಾನು ಬೆಂಗಳೂರಿನಿಂದಲೇ ಪರಿಹಾರವನ್ನು ಸೂಚಿಸಿದೆ: ಯಂತ್ರ ಹಳೆಯದಾಯಿತು, ಹೊಸದನ್ನು ಕೊಳ್ಳಬೇಕು. ಬೆಲೆಯ ಅಂದಾಜುಪಟ್ಟಿಯನ್ನೂ ಕಳುಹಿಸಿದೆ. ಡಿಸೆಂಬರ್ ತಿಂಗಳಲ್ಲಿ ಶ್ರೀಮಠಕ್ಕೆ ಹೋಗಿದ್ದಾಗ ಆ ಕಾಗದವು ಪರಮಪೂಜ್ಯ ಶ್ರೀಗಳವರ ಮುಂದೆ ಇತ್ತು. ಅವರು ಅದನ್ನು ಸಾವಕಾಶವಾಗಿ ಓದಿ, “ನೋಡಪ್ಪಾ, ಇದು ದಾಸೋಹದ ಉಗ್ರಾಣಕ್ಕೆ ಭಕ್ತರು ಕೊಟ್ಟ ಹಣ. ಕೊಳ್ಳಲೇಬೇಕೆಂದರೆ ಕೊಳ್ಳೋಣ. ಆದರೆ ಯಂತ್ರ ನಿಧಾನವಾಗಿದೆಯೋ, ನಾವು ಅದನ್ನು ಕೇಳುವ ರೀತಿಯೇ ನಿಧಾನವಾಗಿದೆಯೋ, ಅದನ್ನು ವಿಚಾರ ಮಾಡಿದ್ದೀಯಾ?” ಎಂದರು. “ಇಲ್ಲ, ಬುದ್ಧೀ” ಎಂದು ತಲೆತಗ್ಗಿಸದೆ ನನಗೆ ಅನ್ಯಮಾರ್ಗವಿರಲಿಲ್ಲ. ಇಷ್ಟು ವರ್ಷಗಳ ಅನುಭವವಿದ್ದೂ ನಾನು ಕೇಳಿಕೊಳ್ಳಬೇಕಾಗಿದ್ದ ಮೊದಲ ಪ್ರಶ್ನೆಯೇ ಅದು. ಅಂದು ರಾತ್ರಿ ಅತಿಥಿಗೃಹದ ಕೋಣೆಯಲ್ಲಿ ಕುಳಿತು, ಹನ್ನೆರಡು ವರ್ಷಗಳ ಹಿಂದೆ ನಾನೇ ಬರೆದಿದ್ದುದನ್ನು ಅನ್ಯರು ಬರೆದುದೆಂಬಂತೆ ಪರೀಕ್ಷಿಸತೊಡಗಿದೆ.

ಇಲ್ಲಿ ಸೂಚಿಯೆಂದರೇನು ಎಂಬುದನ್ನು ವಿವರಿಸುವುದು ಅವಶ್ಯ. ವೃತ್ತಿಯವರು ಇದನ್ನು ಇಂಡೆಕ್ಸ್ ಎನ್ನುತ್ತಾರೆ. ಅಯ್ಯನವರ ಎರಡನೆಯ ಪುಸ್ತಕಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಮೂಲ ಕೋಷ್ಟಕದಲ್ಲಿ ಸಾಲುಗಳು ಬಂದ ಕ್ರಮದಲ್ಲಿ ಬಿದ್ದಿರುತ್ತವೆ. ಸೂಚಿಯಲ್ಲಿ ಒಂದು ಅಂಕಣದ ಮೌಲ್ಯಗಳು ಮಾತ್ರ ಏರಿಕೆಯ ಕ್ರಮದಲ್ಲಿ ನಿಂತು, ಪ್ರತಿಯೊಂದರ ಎದುರಿಗೂ ಮೂಲ ಸಾಲಿರುವ ಸ್ಥಳದ ಗುರುತು ಇರುತ್ತದೆ. ಅಯ್ಯನವರು ಅಂಚನ್ನು ಕತ್ತರಿಸಿ ಅಕ್ಷರ ಬರೆದಂತೆ, ಯಂತ್ರದ ಸೂಚಿಗೂ ಮೆಟ್ಟಿಲುಗಳುಂಟು. ಅಮೆರಿಕದ ಬೋಯಿಂಗ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಎಂಬ ವಿದ್ವಾಂಸರು 1970ರಲ್ಲಿ ಮಂಡಿಸಿ 1972ರಲ್ಲಿ ವಿಸ್ತಾರವಾಗಿ ಪ್ರಕಟಿಸಿದ ‘ಬಿ-ಟ್ರೀ’ ಎಂಬ ವಿನ್ಯಾಸವೇ ಇದಕ್ಕೆ ಮೂಲ. ಮಾಹಿತಿಯನ್ನೆಲ್ಲ ಕೋಷ್ಟಕಗಳ ರೂಪದಲ್ಲಿ ಇಡುವ ತತ್ತ್ವವನ್ನು ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ ಅವರು ಪ್ರಕಟಿಸಿದ್ದೂ ಅದೇ 1970ರಲ್ಲಿ. ಈ ಮರದ ಒಂದೊಂದು ಪುಟದಲ್ಲಿ ಇನ್ನೂರು ಗುರುತುಗಳಿವೆಯೆಂದು ಭಾವಿಸೋಣ. ಮೊದಲ ಪುಟದಿಂದ ಇನ್ನೂರು ಪುಟಗಳಿಗೆ ದಾರಿ. ಆ ಒಂದೊಂದರಿಂದ ಮತ್ತೆ ಇನ್ನೂರು. ಮೂರು ಮೆಟ್ಟಿಲಿಗೆ 80 ಲಕ್ಷ ಗುರುತುಗಳು, ನಾಲ್ಕು ಮೆಟ್ಟಿಲಿಗೆ 160 ಕೋಟಿ. ಆದುದರಿಂದ ಎರಡು ಕೋಟಿ ಸಾಲುಗಳ ನಡುವೆ ಇರುವ ಒಂದನ್ನು ನಾಲ್ಕು ಪುಟ ತಿರುವುವುದರಲ್ಲಿ ತಲುಪಬಹುದು. ಸಾಲುಗಳು ಕ್ರಮವಾಗಿರುವುದರಿಂದ ಅಲ್ಲಿಂದ ಮುಂದಕ್ಕೆ ಒಂದರ ಹಿಂದೊಂದರಂತೆ ಓದಿಕೊಂಡು ಹೋಗಲೂಬಹುದು. ದಿನಾಂಕದಂತಹ, ‘ಇಲ್ಲಿಂದ ಅಲ್ಲಿಯವರೆಗೆ’ ಎಂದು ಕೇಳುವ ವಿಷಯಗಳಿಗೆ ಈ ಗುಣವು ಬಹಳ ಉಪಯುಕ್ತ.

ವಿಚಿತ್ರವೆಂದರೆ, ದಿನಾಂಕದ ಅಂಕಣದ ಮೇಲೆ ನಾನು 2006ರಲ್ಲಿಯೇ ಸೂಚಿಯನ್ನು ಕಟ್ಟಿದ್ದೆ. ಅದಿದ್ದೂ ಯಂತ್ರ ಏಕೆ ಬಳಲುತ್ತಿತ್ತು? ಡೇಟಾಬೇಸಿಗೆ ‘ಎಕ್ಸ್‌ಪ್ಲೇನ್’ ಎಂಬ ಆಜ್ಞೆಯನ್ನು ಕೊಟ್ಟರೆ, ಉತ್ತರವನ್ನು ಯಾವ ಮಾರ್ಗದಿಂದ ಹುಡುಕುತ್ತೇನೆಂದು ಅದು ಮುಂಚಿತವಾಗಿಯೇ ತಿಳಿಸುತ್ತದೆ. ನನ್ನ ಪ್ರಶ್ನೆಗೆ ಅದು ಕೊಟ್ಟ ಉತ್ತರ ‘ಆಲ್’ ಎಂದು. ಅಂದರೆ ಸೂಚಿಯನ್ನು ಮುಟ್ಟದೆ ಎರಡು ಕೋಟಿ ಸಾಲುಗಳನ್ನೂ ಓದುತ್ತೇನೆಂದು ಅರ್ಥ. ದೋಷವಿದ್ದುದು ಪ್ರಶ್ನೆಯ ರಚನೆಯಲ್ಲಿ. ‘ದಿನಾಂಕದಿಂದ ತಿಂಗಳನ್ನು ಬೇರ್ಪಡಿಸು, ಅದು 11 ಆಗಿರಲಿ, ವರ್ಷವನ್ನು ಬೇರ್ಪಡಿಸು, ಅದು 2017 ಆಗಿರಲಿ’ ಎಂದು ನಾನು ಬರೆದಿದ್ದೆ. ‘ಮಂತ್’, ‘ಇಯರ್’ ಎಂಬ ಈ ಕ್ರಿಯೆಗಳನ್ನು ದಿನಾಂಕದ ಮೇಲೆ ಹೊದಿಸಿದೊಡನೆ, ಕೇಳುತ್ತಿರುವುದು ದಿನಾಂಕವನ್ನಲ್ಲದೆ ಅದರಿಂದ ಹುಟ್ಟಿದ ಬೇರೊಂದು ಸಂಖ್ಯೆಯನ್ನು ಎಂದಾಗುತ್ತದೆ. ಸೂಚಿಯಲ್ಲಿ ಕ್ರಮವಾಗಿ ನಿಂತಿರುವುದು ದಿನಾಂಕಗಳು. ಆ ಸಂಖ್ಯೆಗಳು ಅದರಲ್ಲಿಲ್ಲ.

ನಿಘಂಟಿನ ಉದಾಹರಣೆಯಿಂದ ಇದು ಸ್ಪಷ್ಟವಾದೀತು. ರೆವರೆಂಡ್ ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ‘ಕಾಯ’ ಎಂದು ಆರಂಭವಾಗುವ ಶಬ್ದಗಳೆಲ್ಲವನ್ನೂ ಕಾಣಬೇಕಾದರೆ ಆ ಪುಟವನ್ನು ತೆರೆದು ಒಂದೆರಡು ನಿಮಿಷ ಓದಿದರೆ ಸಾಕು. ‘ಗಾರ’ ಎಂದು ಮುಗಿಯುವ ಶಬ್ದಗಳೆಲ್ಲ ಬೇಕೆಂದರೆ? ಶಬ್ದಗಳು ಅದೇ ಪುಸ್ತಕದಲ್ಲಿಯೇ ಇವೆ, ಅಕಾರಾದಿ ಕ್ರಮವೂ ಇದೆ. ಆದರೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದದೆ ಗತಿಯಿಲ್ಲ. ಪುಸ್ತಕ ಯಾವ ಕ್ರಮದಲ್ಲಿದೆಯೋ ಪ್ರಶ್ನೆಯೂ ಅದೇ ಕ್ರಮದಲ್ಲಿರಬೇಕು. ನಾನು ಹನ್ನೆರಡು ವರ್ಷಗಳಿಂದ ನಿಘಂಟಿನ ಮುಂದೆ ನಿಂತು ಶಬ್ದಗಳ ಬಾಲವನ್ನು ಹಿಡಿದು ಕೇಳುತ್ತಿದ್ದೆ.

ಪರೀಕ್ಷಿಸುತ್ತ ಹೋದಂತೆ ಇನ್ನೊಂದು ದೋಷವೂ ಗೋಚರಿಸಿತು. ಒಂದು ಶಾಲೆಯ ಹಳೆಯ ವರ್ಷಗಳ ಲೆಕ್ಕವನ್ನು ಬೇರೊಂದು ಕೋಷ್ಟಕದಲ್ಲಿ ತಂದು ಸೇರಿಸಿದ್ದರು. ಅದರಲ್ಲಿ ದಿನಾಂಕವನ್ನು ದಿನಾಂಕವೆಂದು ಇಡದೆ, ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರಿಯ ಅಕ್ಷರಪಂಕ್ತಿಯಾಗಿ ಇಡಲಾಗಿತ್ತು. ಅಂತಹ ಅಂಕಣಕ್ಕೆ ಸೂಚಿ ಕಟ್ಟಿದರೆ 01-12-2009 ಎಂಬುದು 02-01-2007ಕ್ಕಿಂತ ಮೊದಲು ಬಂದು ನಿಲ್ಲುತ್ತದೆ. ಇದು ಅರವತ್ತು ಸಂವತ್ಸರಗಳನ್ನು ಅಕಾರಾದಿಯಾಗಿ ಜೋಡಿಸಿದಂತೆ: ಕಟ್ಟಕಡೆಯದಾದ ಅಕ್ಷಯ ಸಂವತ್ಸರವು ಎಲ್ಲಕ್ಕಿಂತ ಮುಂದೆ ಬರುತ್ತದೆ, ಮೊದಲನೆಯದಾದ ಪ್ರಭವ ಎಲ್ಲೋ ನಡುವೆ ಅಡಗುತ್ತದೆ. ಕ್ರಮವೇನೋ ಉಂಟು, ಆದರೆ ಅದು ಕಾಲದ ಕ್ರಮವಲ್ಲ. ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ ಎಂದು 1988ರ ಅಂತರರಾಷ್ಟ್ರೀಯ ಮಾನದಂಡವು ವಿಧಿಸಿರುವುದರ ಒಂದು ಸೊಗಸು ಇಲ್ಲಿದೆ. ಹಾಗೆ ಬರೆದಾಗ ಅಕ್ಷರದ ಕ್ರಮವೂ ಕಾಲದ ಕ್ರಮವೂ ಒಂದೇ ಆಗುತ್ತವೆ. ಆ ಅಂಕಣವನ್ನು ನಿಜವಾದ ದಿನಾಂಕದ ಅಂಕಣವಾಗಿ ಪರಿವರ್ತಿಸಿದೆ.

ತರುವಾಯ ಪ್ರಶ್ನೆಯನ್ನು ಬದಲಿಸಿದೆ. ತಿಂಗಳನ್ನು ಬೇರ್ಪಡಿಸುವ ಗೊಡವೆಯನ್ನು ಬಿಟ್ಟು, ‘ದಿನಾಂಕವು 2017ರ ನವೆಂಬರ್ 1 ಮತ್ತು ನವೆಂಬರ್ 30ರ ನಡುವೆ ಇರಲಿ’ ಎಂದು, ‘ಬಿಟ್ವೀನ್’ ಎಂಬ ಪದವನ್ನು ಬಳಸಿ ಬರೆದೆ. ಸೂಚಿಯನ್ನೂ ಹೊಸದಾಗಿ ಕಟ್ಟಿದೆ. ದಿನಾಂಕವೊಂದರ ಮೇಲೆಯೇ ಸೂಚಿಯಿದ್ದರೆ ಒಂದು ತಿಂಗಳೆಂದರೆ ಹನ್ನೆರಡು ಶಾಲೆಗಳಿಗೂ ಸೇರಿ ಒಂದೂಮುಕ್ಕಾಲು ಲಕ್ಷ ಸಾಲುಗಳು. ಅವುಗಳಲ್ಲಿ ನಮಗೆ ಬೇಕಾದ ಶಾಲೆಯದು ಹನ್ನೆರಡರಲ್ಲಿ ಒಂದು ಪಾಲು ಮಾತ್ರ. ಆದಕಾರಣ ಶಾಲೆಯ ಸಂಖ್ಯೆಯನ್ನು ಮೊದಲಿಗೂ ದಿನಾಂಕವನ್ನು ಅದರ ಅನಂತರವೂ ಇಟ್ಟು ಎರಡನ್ನೂ ಕೂಡಿಸಿದ ಸೂಚಿಯನ್ನು ರಚಿಸಿದೆ. ಶಾಲೆಗೊಂದು ಬೀರುವನ್ನು ಇಟ್ಟು, ಪ್ರತಿಯೊಂದು ಬೀರುವಿನಲ್ಲಿ ರಿಜಿಸ್ಟರುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿದಂತೆ ಇದು. ಬೀರುವನ್ನು ತೆರೆದರೆ ಬೇಕಾದ ತಿಂಗಳು ಒಂದೇ ಕಡೆ ಕೈಗೆ ಸಿಗುತ್ತದೆ. ಇದೇ ವ್ಯವಸ್ಥೆಯನ್ನು ತಲೆಕೆಳಗು ಮಾಡಿ ದಿನಕ್ಕೊಂದು ಬೀರು ಇಟ್ಟರೆ, ಒಂದು ಶಾಲೆಯ ಒಂದು ತಿಂಗಳಿಗಾಗಿ ಮೂವತ್ತು ಬೀರುಗಳ ಬಾಗಿಲನ್ನು ತೆರೆಯಬೇಕಾಗುತ್ತದೆ. ‘ಇದೇ ಆಗಿರಲಿ’ ಎಂದು ಖಚಿತವಾಗಿ ಕೇಳುವ ಅಂಕಣ ಮೊದಲು, ‘ಇಲ್ಲಿಂದ ಅಲ್ಲಿಯವರೆಗೆ’ ಎಂದು ಕೇಳುವ ಅಂಕಣ ಆಮೇಲೆ. ಇದು ನಮ್ಮ ವೃತ್ತಿಯವರು ಕಂಠಪಾಠ ಮಾಡಬೇಕಾದ ಸೂತ್ರ.

ಈಗ ಯಂತ್ರವು ಓದಬೇಕಾದುದು ಎರಡು ಕೋಟಿ ಸಾಲುಗಳಿಗೆ ಬದಲಾಗಿ ಸುಮಾರು ಹದಿನೈದು ಸಾವಿರ. ‘ಎಕ್ಸ್‌ಪ್ಲೇನ್’ ಆಜ್ಞೆಗೆ ‘ರೇಂಜ್’ ಎಂಬ ಉತ್ತರ ಬಂದಿತು. ಪಟ್ಟಿಯು ಕಣ್ಣು ಮಿಟುಕಿಸುವಷ್ಟರಲ್ಲಿ ಸಿದ್ಧ. 96 ಪಟ್ಟಿಗಳೂ ಹತ್ತು ನಿಮಿಷದೊಳಗೆ ಅಚ್ಚಿಗೆ ಹೋದವು. ಅಂದಾಜುಪಟ್ಟಿಯನ್ನು ಹರಿದುಹಾಕಿದರು, ಹೊಸ ಯಂತ್ರಕ್ಕೆಂದಿದ್ದ ಹಣ ಉಗ್ರಾಣದಲ್ಲಿಯೇ ಉಳಿಯಿತು. ಕಾರ್ಯದರ್ಶಿಗಳು ನನ್ನನ್ನು ಮನಸಾರೆ ಶ್ಲಾಘಿಸಿದರು. ನಾನೂ ಉಬ್ಬಿದೆ. ಕಥೆ ಇಲ್ಲಿಗೇ ಮುಗಿದಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ.

2018ರ ಫೆಬ್ರವರಿ ಮೊದಲ ವಾರ. ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಲು ಶೇಕಡಾ 75ರಷ್ಟು ಹಾಜರಿ ಅವಶ್ಯವೆಂಬುದು ಎಲ್ಲರಿಗೂ ತಿಳಿದ ವಿಷಯ. ಜನವರಿ ಕೊನೆಯವರೆಗಿನ ಲೆಕ್ಕ ತೆಗೆದು, ಹಾಜರಿ ಕೊರತೆಯವರ ಹೆಸರುಗಳನ್ನು ಯಂತ್ರದಿಂದ ಅಚ್ಚು ಮಾಡಿ ಸೂಚನಾ ಫಲಕಕ್ಕೆ ಅಂಟಿಸಿದರು. ನಾನು ಓದಿದ ಶಾಲೆಯಿಂದಲೇ ಹನ್ನೊಂದು ಹೆಸರುಗಳು. ಮಾರನೆಯ ದಿನ ಆ ಪಟ್ಟಿಗೆ ಸಹಿಯಾಗಿ ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಬೇಕು. ಅಂದು ಸಂಜೆ ವಿಜ್ಞಾನದ ಉಪಾಧ್ಯಾಯರು ನನಗೆ ದೂರವಾಣಿ ಮಾಡಿದರು. ಅವರ ತರಗತಿಯ ಒಬ್ಬ ಹುಡುಗನ ಹೆಸರು ಪಟ್ಟಿಯಲ್ಲಿದೆ. ತಾಯಿಯ ಅನಾರೋಗ್ಯದಿಂದ ಅವನು ಆ ವರ್ಷ ಬಹಳ ದಿನ ಶಾಲೆ ತಪ್ಪಿಸಿಕೊಂಡಿದ್ದುದು ನಿಜ. ಆದರೆ 180 ದಿನಗಳಲ್ಲಿ 132 ದಿನ ಬಂದಿದ್ದಾನೆಂದು ಯಂತ್ರ ಹೇಳುತ್ತದೆ. ತಮ್ಮ ಲೆಕ್ಕದಂತೆ 138. ಶೇಕಡಾ 75 ಎಂದರೆ 135 ದಿನ. ಮೂರು ದಿನಗಳಿಂದ ಹುಡುಗ ಒಳಗೋ ಹೊರಗೋ ಎಂಬುದು ತೀರ್ಮಾನವಾಗುತ್ತದೆ.

ನಾನು ಹೇಳಿದ ಮಾತನ್ನು ಬರೆಯಲು ಈಗಲೂ ಸಂಕೋಚವಾಗುತ್ತದೆ. “ಮೇಷ್ಟ್ರೇ, ಕೈಲೆಕ್ಕದಲ್ಲಿ ತಪ್ಪಾಗಿರಬಹುದು. ಯಂತ್ರ ತಪ್ಪು ಕೂಡುವುದಿಲ್ಲ” ಎಂದೆ. ಅವರು ಸಿಟ್ಟಾಗಲಿಲ್ಲ. “ಯಂತ್ರ ತಪ್ಪು ಕೂಡದಿರಬಹುದು ಸ್ವಾಮಿ. ಆದರೆ ಜನವರಿ 31ರಂದು ಚಂದ್ರಗ್ರಹಣವಿತ್ತು. ಸಂಜೆ ಹುಟ್ಟುವಾಗಲೇ ಗ್ರಹಣ ಹಿಡಿದಿದ್ದ ಚಂದ್ರನನ್ನು ತೋರಿಸಲು ಹತ್ತನೆಯ ತರಗತಿಯ ಮಕ್ಕಳನ್ನು ಶಾಲೆ ಬಿಟ್ಟ ಮೇಲೂ ಮೈದಾನದಲ್ಲಿ ಉಳಿಸಿಕೊಂಡಿದ್ದೆ. ಈ ಹುಡುಗ ನನ್ನ ಪಕ್ಕದಲ್ಲೇ ನಿಂತಿದ್ದ. ಆ ದಿನವನ್ನು ನಿಮ್ಮ ಪಟ್ಟಿ ಅವನಿಗೆ ಕೊಟ್ಟಿಲ್ಲ” ಎಂದರು. ಅವರು ಯಂತ್ರ ಬಂದ ಮೇಲೂ ತಮ್ಮ ತರಗತಿಯ ಹಾಜರಿಯನ್ನು ಕಾಗದದ ಪುಸ್ತಕದಲ್ಲಿ ಬರೆಯುವುದನ್ನು ಬಿಟ್ಟಿರಲಿಲ್ಲ. ಎರಡನ್ನೂ ತಿಂಗಳು ತಿಂಗಳಾಗಿ ತಾಳೆ ನೋಡಿದ್ದರು. ಜೂನ್, ಜುಲೈ, ಆಗಸ್ಟ್, ಅಕ್ಟೋಬರ್, ನವೆಂಬರ್, ಜನವರಿ, ಈ ಆರು ತಿಂಗಳುಗಳಲ್ಲಿ ಯಂತ್ರದ ಲೆಕ್ಕ ಒಂದೊಂದು ದಿನ ಕಡಿಮೆ. ಸೆಪ್ಟೆಂಬರ್ ಮತ್ತು ಡಿಸೆಂಬರ್ ಮಾತ್ರ ಸರಿಯಾಗಿದ್ದವು.

ದೂರವಾಣಿಯನ್ನು ಕೆಳಗಿಟ್ಟು ಪಂಚಾಂಗವನ್ನು ನೋಡಿದೆ. 2017ರ ಸೆಪ್ಟೆಂಬರ್ 30 ವಿಜಯದಶಮಿ; ಡಿಸೆಂಬರ್ 31 ಭಾನುವಾರ. ಎರಡು ದಿನವೂ ರಜೆ. ಉಳಿದ ಆರು ತಿಂಗಳ ಕೊನೆಯ ದಿನಗಳು ಶಾಲೆ ನಡೆದ ದಿನಗಳು. ಒಡನೆಯೇ ನನ್ನ ಎದೆ ಝಲ್ಲೆಂದಿತು. ಹಾಜರಿಯ ಅಂಕಣದಲ್ಲಿ ದಿನಾಂಕದ ಜೊತೆಗೆ ವೇಳೆಯೂ ಇದೆಯಷ್ಟೆ. ‘ನವೆಂಬರ್ 30ರವರೆಗೆ’ ಎಂದು ಬರೆದಾಗ, ವೇಳೆಯನ್ನು ಹೇಳದಿರುವುದರಿಂದ ಯಂತ್ರವು ಅದನ್ನು ನವೆಂಬರ್ 30ರ ಮಧ್ಯರಾತ್ರಿ ಸೊನ್ನೆ ಗಂಟೆಯವರೆಗೆ ಎಂದು ತಿಳಿಯುತ್ತದೆ. ಅಂದು ಬೆಳಿಗ್ಗೆ ಹತ್ತು ಗಂಟೆಗೆ ಹಾಕಿದ ಹಾಜರಿಯು ಆ ಗಡಿಯ ಆಚೆಗೆ ಬೀಳುತ್ತದೆ. ಕೆಲಸದ ದಿನಗಳ ಕೋಷ್ಟಕದಲ್ಲಿಯಾದರೋ ಬರಿಯ ದಿನಾಂಕವಿತ್ತು, ವೇಳೆಯಿರಲಿಲ್ಲ. ಆದುದರಿಂದ ಅಲ್ಲಿ ತಿಂಗಳ ಕೊನೆಯ ದಿನವೂ ಲೆಕ್ಕಕ್ಕೆ ಸೇರುತ್ತಿತ್ತು. ಹೀಗೆ ಶಾಲೆ ನಡೆದ ದಿನವನ್ನು ಎಣಿಸಿ, ಆ ದಿನ ಬಂದ ಮಗುವನ್ನು ಎಣಿಸದೆ ಬಿಟ್ಟಿದ್ದೆ. ಹಳೆಯ ಪ್ರಶ್ನೆ ನಿಧಾನವಾಗಿತ್ತು, ಆದರೆ ಸತ್ಯವನ್ನು ಹೇಳುತ್ತಿತ್ತು. ನನ್ನ ಹೊಸ ಪ್ರಶ್ನೆ ಕ್ಷಣಮಾತ್ರದಲ್ಲಿ ಸುಳ್ಳು ಹೇಳಿತು.

ಆ ಕ್ಷಣದಲ್ಲಿ ನನಗೆ ನೆನಪಾದದ್ದು ಪ್ರಸಾದ ನಿಲಯದ ಒಂದು ಮಧ್ಯಾಹ್ನ. ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಪಂಕ್ತಿಯಲ್ಲಿ ಮಜ್ಜಿಗೆ ಬಡಿಸುವ ಸರದಿ ನನ್ನದು. ಗಡಿಬಿಡಿಯಿಂದ ಬಡಿಸಿಕೊಂಡು ಹೋಗಿ, ಕೊನೆಯವನು ಕಂಬದ ಮರೆಯಲ್ಲಿದ್ದುದನ್ನು ಗಮನಿಸದೆ ಹಿಂದಿರುಗಿದೆ. ಪಾಕಶಾಲೆಯ ಹಿರಿಯರು ನನ್ನನ್ನು ನಿಲ್ಲಿಸಿ, “ಪಂಕ್ತಿ ಮುಗಿಯಿತೆಂದು ನಿನಗೆ ಹೇಗೆ ತಿಳಿಯಿತು? ಕೊನೆಯವನು ಯಾರೆಂದು ಊಹಿಸಬೇಡ. ಮುಂದಿನ ಪಂಕ್ತಿಯ ಮೊದಲನೆಯವನು ಕಾಣುವವರೆಗೂ ಬಡಿಸುತ್ತಾ ಹೋಗು, ಅವನು ಕಂಡ ಕೂಡಲೆ ನಿಲ್ಲು” ಎಂದು ಹೇಳಿ ತಂಬಿಗೆಯನ್ನು ಮತ್ತೆ ನನ್ನ ಕೈಗಿತ್ತರು.

ತಿಂಗಳ ಲೆಕ್ಕಕ್ಕೂ ಸರಿಯಾದ ಕ್ರಮ ಅದೇ. ತಿಂಗಳ ಕೊನೆಯ ಕ್ಷಣ ಯಾವುದೆಂದು ಊಹಿಸುವ ಸಾಹಸಕ್ಕೆ ಹೋಗಬಾರದು. 30 ದಿನವೋ 31 ದಿನವೋ, ಫೆಬ್ರವರಿಯಾದರೆ 28 ದಿನವೋ 29 ದಿನವೋ, ಹನ್ನೊಂದು ಗಂಟೆ ಐವತ್ತೊಂಬತ್ತು ನಿಮಿಷ ಐವತ್ತೊಂಬತ್ತು ಸೆಕೆಂಡಿನ ಅನಂತರದ ಲೇಶವೆಷ್ಟೋ, ಇವೆಲ್ಲ ಎಡವುವ ಕಲ್ಲುಗಳು. ‘ನವೆಂಬರ್ 1 ಅಥವಾ ಅದರ ಅನಂತರ, ಆದರೆ ಡಿಸೆಂಬರ್ 1ಕ್ಕಿಂತ ಮೊದಲು’ ಎಂದು ಕೇಳಿದರೆ ಸಾಕು. ಆರಂಭದ ಗಡಿ ಒಳಗೆ ಸೇರುತ್ತದೆ, ಅಂತ್ಯದ ಗಡಿ ಹೊರಗುಳಿಯುತ್ತದೆ. ಯಾವ ಕ್ಷಣವೂ ತಪ್ಪುವುದಿಲ್ಲ, ಯಾವ ಕ್ಷಣವೂ ಎರಡು ತಿಂಗಳಿಗೆ ಸೇರುವುದಿಲ್ಲ. ದಿನಾಂಕವನ್ನು ಯಾವ ಕ್ರಿಯೆಯಿಂದಲೂ ಹೊದಿಸದಿರುವುದರಿಂದ ಸೂಚಿಯೂ ಮೊದಲಿನಂತೆಯೇ ಕೆಲಸಕ್ಕೆ ಬರುತ್ತದೆ. ವೇಗವನ್ನು ಎಳ್ಳಷ್ಟೂ ಕಳೆದುಕೊಳ್ಳದೆ ಸತ್ಯವನ್ನು ಪಡೆಯುವ ಮಾರ್ಗವು ಇಷ್ಟು ಸುಲಭವಾಗಿತ್ತು.

ಅಂದು ರಾತ್ರಿಯೇ ತಿದ್ದಿದೆ. ತಿದ್ದಿದೆನೆಂದು ಹೇಳುವ ಮುನ್ನ, ಹನ್ನೆರಡು ವರ್ಷಗಳಲ್ಲಿ ಕೆಲವು ತಿಂಗಳುಗಳನ್ನು ಆರಿಸಿಕೊಂಡು ಹಳೆಯ ನಿಧಾನದ ಪ್ರಶ್ನೆಯನ್ನೂ ಹೊಸ ಪ್ರಶ್ನೆಯನ್ನೂ ನಡೆಸಿ ಮೊತ್ತಗಳನ್ನು ತಾಳೆ ನೋಡಿದೆ. ಮೊದಲ ಸಲವೇ ನಾನು ಮಾಡಬೇಕಾಗಿದ್ದ ಕೆಲಸವಿದು. ಬೆಳಗಿನ ಜಾವದ ಬಸ್ಸಿನಲ್ಲಿ ಹೊರಟು, ಪಟ್ಟಿಗೆ ಸಹಿ ಬೀಳುವ ಮುನ್ನ ಶಾಲೆಯನ್ನು ಸೇರಿದೆ. ನಮ್ಮ ಶಾಲೆಯ ಹನ್ನೊಂದು ಹೆಸರುಗಳಲ್ಲಿ ನಾಲ್ಕು ಅಳಿಸಿಹೋಗಿ ಏಳು ಉಳಿದವು. ಮುಖ್ಯೋಪಾಧ್ಯಾಯರ ಮುಂದೆ ತಪ್ಪು ನನ್ನದೆಂದು ಒಪ್ಪಿಕೊಂಡೆ. ಫಲಕದಿಂದ ಹಳೆಯ ಪಟ್ಟಿಯನ್ನು ತೆಗೆದು ಹೊಸದನ್ನು ಅಂಟಿಸುವಾಗ ಆ ಹುಡುಗ ದೂರದಲ್ಲಿ ನಿಂತು ನೋಡುತ್ತಿದ್ದ. ಹಿಂದಿನ ರಾತ್ರಿ ಅವನು ಊಟ ಮಾಡಿರಲಿಲ್ಲವೆಂದೂ, ಪರೀಕ್ಷೆಯ ಗೊಡವೆಯೇ ಬೇಡ, ಕೂಲಿಗೆ ಹೋಗುತ್ತೇನೆಂದು ತಾಯಿಗೆ ಹೇಳಿದ್ದನೆಂದೂ ಮೇಷ್ಟ್ರು ಆಮೇಲೆ ತಿಳಿಸಿದರು. ಆ ವರ್ಷದ ಪರೀಕ್ಷೆಗೆ ಅವನು ಕುಳಿತ, ತೇರ್ಗಡೆಯೂ ಆದ. ನಾನು ಅವನ ಬಳಿ ಹೋಗಿ ಕ್ಷಮೆ ಕೇಳಿದಾಗ ಅವನಿಗೆ ಏನು ಹೇಳಬೇಕೆಂದು ತೋಚದೆ ನನ್ನ ಕಾಲು ಮುಟ್ಟಲು ಬಂದ. ಅಂದಿನಷ್ಟು ಸಣ್ಣವನೆಂಬ ಭಾವನೆ ನನಗೆ ಎಂದೂ ಆಗಿಲ್ಲ.

ಇಷ್ಟಕ್ಕೇ ನನ್ನ ಪಾಠ ಮುಗಿಯಲಿಲ್ಲ. ಸೂಚಿಯ ಮಹಿಮೆಯನ್ನು ಕಂಡ ಉತ್ಸಾಹದಲ್ಲಿ ಆ ಬೇಸಿಗೆಯಲ್ಲಿ ಕೋಷ್ಟಕದ ಮೇಲೆ ಏಳು ಸೂಚಿಗಳನ್ನು ಕಟ್ಟಿದ್ದೆ. ಜೂನ್ ತಿಂಗಳಲ್ಲಿ ಶಾಲೆಗಳು ತೆರೆದಾಗ ಬೆಳಗಿನ ಹಾಜರಿ ಹಾಕುವುದೇ ನಿಧಾನವಾಯಿತು. ಕಾರಣ ಸ್ಪಷ್ಟ: ಒಂದು ಸಾಲನ್ನು ಬರೆದಾಗಲೆಲ್ಲ ಯಂತ್ರವು ಏಳು ಸೂಚಿಗಳಲ್ಲಿಯೂ ಅದರ ಸ್ಥಾನವನ್ನು ಹುಡುಕಿ ಗುರುತು ಮಾಡಬೇಕು. ಅಯ್ಯನವರು ಎರಡನೆಯ ಪುಸ್ತಕವನ್ನು ಇಟ್ಟರೇ ಹೊರತು ಎಂಟನೆಯದನ್ನು ಇಡಲಿಲ್ಲ. ಜನರು ಬಂದು ಏನನ್ನು ಕೇಳುತ್ತಾರೆಂಬುದು ಅವರಿಗೆ ಗೊತ್ತಿತ್ತು. ಅಷ್ಟಕ್ಕೆ ಮಾತ್ರ ಅವರು ಸಂಜೆಯ ಹೊತ್ತನ್ನು ಮೀಸಲಿಟ್ಟರು. ನಾನು ಐದು ಸೂಚಿಗಳನ್ನು ಕಿತ್ತುಹಾಕಿ ಎರಡನ್ನು ಉಳಿಸಿದೆ: ಶಾಲೆ ಮತ್ತು ದಿನಾಂಕದ್ದೊಂದು, ವಿದ್ಯಾರ್ಥಿ ಮತ್ತು ದಿನಾಂಕದ್ದೊಂದು. ಕೇಳುವ ಪ್ರಶ್ನೆಗಳು ಈ ಎರಡೇ ಬಗೆಯವು. ಇತ್ತೀಚಿನ ಡೇಟಾಬೇಸುಗಳಲ್ಲಿ ಹೊಸ ಸೌಲಭ್ಯಗಳು ಬಂದಿವೆ. ಉದಾಹರಣೆಗೆ, ತಿಂಗಳು ಅಥವಾ ವರ್ಷದಂತಹ ಕ್ರಿಯೆಯ ಫಲಿತಾಂಶಕ್ಕೇ ಸೂಚಿ ಕಟ್ಟುವ ಅವಕಾಶವು ‘ಮೈ ಎಸ್.ಕ್ಯೂ.ಎಲ್.’ನಲ್ಲಿಯೂ 2018ರ ಕೊನೆಯಿಂದ ದೊರೆತಿದೆ. ಆದರೂ ಅದು ಮತ್ತೊಂದು ಪುಸ್ತಕವೇ ಸರಿ. ಅದನ್ನೂ ದಿನವೂ ಬರೆಯುವ ಶ್ರಮ ತಪ್ಪುವುದಿಲ್ಲ. ಪ್ರಶ್ನೆಯನ್ನು ತಿದ್ದುವುದರಿಂದ ಕೆಲಸವಾಗುವಲ್ಲಿ ಪುಸ್ತಕಗಳನ್ನು ಹೆಚ್ಚಿಸುವುದು ವಿವೇಕವಲ್ಲ.

ಇಂದು ನಮ್ಮ ಮಕ್ಕಳು ಗಣಕಶಾಸ್ತ್ರವನ್ನು ಕಲಿತು ನನಗಿಂತ ಬಹಳ ದೊಡ್ಡ ಸಂಸ್ಥೆಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಅವರಿಗೆ ಹಿರಿಯ ವಿದ್ಯಾರ್ಥಿಯಾಗಿ ನನ್ನ ವಿಜ್ಞಾಪನೆ ಇಷ್ಟೆ. ಯಂತ್ರವನ್ನು ದೂರುವ ಮುನ್ನ ನಿಮ್ಮ ಪ್ರಶ್ನೆಯನ್ನು ಪರೀಕ್ಷಿಸಿರಿ. ಸೂಚಿಯೆಂದರೆ ನಾಳೆ ಬರುವ ಅಪರಿಚಿತನಿಗಾಗಿ ಇಂದೇ ಮಾಡಿಟ್ಟ ಸೇವೆಯೆಂದು ತಿಳಿಯಿರಿ. ಆದರೆ ವೇಗವಾಗಿ ಬಂದ ಉತ್ತರ ಸತ್ಯವೆಂದು ನಂಬಬೇಡಿರಿ. ನಿಧಾನವಾಗಿ ಬಂದ ಹಳೆಯ ಉತ್ತರದೊಡನೆ ತಾಳೆ ನೋಡಿರಿ. ಯಂತ್ರದಲ್ಲಿ ಸಾಲಾಗಿ ಕಾಣುವುದು ವಾಸ್ತವವಾಗಿ ಒಬ್ಬ ಹುಡುಗನ ಒಂದು ದಿನ. ನಮ್ಮ ಶ್ರೀಮಠದ ದಾಸೋಹದಲ್ಲಿ ಪಂಕ್ತಿ ಎಷ್ಟೇ ಉದ್ದವಾಗಿರಲಿ, ಎಷ್ಟೇ ಬೇಗ ಬಡಿಸಬೇಕಾಗಿರಲಿ, ಕೊನೆಯಲ್ಲಿ ಕುಳಿತವನನ್ನು ಬಿಟ್ಟು ಮುಂದೆ ಹೋಗುವ ಪದ್ಧತಿಯಿಲ್ಲ. ನಮ್ಮ ಲೆಕ್ಕಗಳಲ್ಲಿಯೂ ಅದು ಇರದಿರಲಿ.

ಅಯ್ಯನವರ ಅಕಾರಾದಿ ಪುಸ್ತಕವು ಶಾಲೆಯ ಕಚೇರಿಯ ಬೀರುವಿನಲ್ಲಿ ಈಗಲೂ ಇದೆ. ಅದರ ಕತ್ತರಿಸಿದ ಅಂಚುಗಳು ಕೈತಾಗಿ ನುಣುಪಾಗಿವೆ.